ದಿಂಬಿನ ಕೆಳಗಿನ ಮಂಡಕ್ಕಿ

ದಾವಣಗೆರೆಯ ಮನೆಗಳಲ್ಲಿ ಮಂಡಕ್ಕಿ ಡಬ್ಬ ಖಾಲಿಯಾಗುವುದೇ ಅಪರೂಪ. ಆದರೂ ಪೋಷಕತ್ವದಡಿ (ಹೆತ್ತವರ ಬಳಿ ಇರಲಾಗದ ಮಗುವನ್ನು ಕಾನೂನಿನ ಪ್ರಕಾರ ಬೇರೊಂದು ಕುಟುಂಬ ಸಾಕುವ ವ್ಯವಸ್ಥೆ, ಫಾಸ್ಟರ್ ಕೇರ್) ಮನೆಗೆ ಬಂದ ಮಗುವಿನ ಹಾಸಿಗೆ ಕೊಡವಿದರೆ ಒಂದು ದಿನ ದಿಂಬಿನ ಕೆಳಗೆ ಮೆತ್ತಗಾದ ಮಂಡಕ್ಕಿ, ಅರ್ಧ ಚಪಾತಿ, ಇರುವೆ ಸಾಲು ಸಿಗುತ್ತವೆ. ಕೇಳಿದರೆ ‘ನಾನಲ್ಲ’ ಅನ್ನುತ್ತದೆ. ಕದ್ದದ್ದು, ಸುಳ್ಳು ಹೇಳಿದ್ದು ಹಾಗಿರಲಿ, ‘ನಾನು ಹೊಟ್ಟೆ ತುಂಬ ಹಾಕುತ್ತಿಲ್ಲವೇ?’ ಅನ್ನುವ ನೋವು ಸಾಕುವ ತಾಯಿಯನ್ನು ಹೆಚ್ಚು ಚುಚ್ಚುತ್ತದೆ.

ಹಾಕುತ್ತಿದ್ದೀರಿ. ಆದರೆ ಹಸಿದು ಮಲಗಿದ ರಾತ್ರಿಗಳನ್ನು ಕಂಡ ಮಗುವಿಗೆ ಇಂದಿನ ಊಟ ನಾಳೆಯ ಭರವಸೆಯಾಗುವುದಿಲ್ಲ. ಕಪಾಟಿಗೆ ಬೀಗ ಹಾಕಿದರೆ ಅದರ ಭಯವೇ ನಿಜವಾಯಿತು. ಮುಚ್ಚಳವಿರುವ ಒಂದು ಡಬ್ಬವನ್ನು ಮಗುವಿಗೇ ಕೊಡಿ. ದಿನಾ ಸಂಜೆ ಅದರ ಕಣ್ಣೆದುರೇ ಎರಡು ಹಿಡಿ ಮಂಡಕ್ಕಿ, ಹುರಿದ ಶೇಂಗಾ, ಒಂದು ಬಾಳೆಹಣ್ಣು ಹಾಕಿಡಿ. ಯಾವಾಗ ತಿಂದೆ, ಎಷ್ಟು ತಿಂದೆ ಎಂದು ಕೇಳಬೇಡಿ. ಬಚ್ಚಿಡುವುದು ನಿಲ್ಲಲು ವಾರಗಳೂ ಬೇಕಾಗಬಹುದು, ತಿಂಗಳುಗಳೂ ಬೇಕಾಗಬಹುದು. ಜಗಳವಾದ ದಿನವೂ ಡಬ್ಬ ತುಂಬಲೇಬೇಕು. ಮಗು ನೋಡುತ್ತಿರುವುದು ಆ ಒಂದು ದಿನವನ್ನೇ.

ಮೊದಲ ಕೆಲವು ವಾರ ಮಗು ಸಾಮಾನ್ಯವಾಗಿ ನೆಂಟರ ಮನೆಯಲ್ಲಿದ್ದಂತೆ ತಗ್ಗಿ ಬಗ್ಗಿ ಇರುತ್ತದೆ. ಸ್ವಲ್ಪ ಧೈರ್ಯ ಬಂದಮೇಲೆ ಹಟ, ಹೊಡೆದಾಟ, ಹಾಸಿಗೆ ಒದ್ದೆ ಮಾಡುವುದು ಶುರು. ಹೆತ್ತ ತಾಯಿ ಬಂದು ನೋಡಿಹೋದ ದಿನವಂತೂ ಇವೆಲ್ಲ ಇಮ್ಮಡಿ. ಇದನ್ನು ‘ಎಷ್ಟು ಮಾಡಿದರೂ ಇವನಿಗೆ ನಾವು ಬೇಡ’ ಎಂದು ಓದಿಕೊಳ್ಳುವಲ್ಲೇ ಮನೆಗಳು ಸೋಲುತ್ತವೆ. ಭೇಟಿಯ ದಿನ ಟ್ಯೂಷನ್ ಬೇಡ, ಮನೆಗೆ ನೆಂಟರೂ ಬೇಡ. ಎಂದಿನ ಸಾರು, ಮುದ್ದೆ. ಎಂದಿನ ಹೊತ್ತಿಗೆ ಮಲಗುವುದು. ‘ಅಮ್ಮ ಹೋದದ್ದು ಬೇಜಾರಾಯ್ತಲ್ಲ’ ಎಂಬ ಒಂದು ಮಾತು ಸಾಕು.

ಇಷ್ಟೆಲ್ಲ ದಿನಾ ಮಾಡುವವರು ಬಸವಳಿಯುತ್ತಾರೆ. ಸಿಟ್ಟು ಬರುವುದಕ್ಕೆ ಅಷ್ಟು ಹೆದರಬೇಕಿಲ್ಲ. ಸಿಟ್ಟೂ ಬಾರದೆ, ಮಗು ಬಿದ್ದು ಅತ್ತರೂ ಒಳಗೆ ಏನೂ ಮಿಡಿಯದೆ, ಕೈ ಮಾತ್ರ ಊಟ ಬಡಿಸುತ್ತಿದ್ದರೆ ಅದು ಅಪಾಯದ ಗುರುತು. ಹೀಗಾದವರು ಕೆಟ್ಟವರಲ್ಲ, ತಿಂಗಳುಗಟ್ಟಲೆ ತಳ್ಳಿಸಿಕೊಂಡ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಮುಚ್ಚಿಕೊಂಡಿರುತ್ತದೆ. ಎರಡು ವಾರ ಹೀಗೇ ಇದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಹೇಳಿ. 2015ರ ಬಾಲ ನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯು ಪೋಷಕ ಕುಟುಂಬವನ್ನು ಪ್ರತಿ ತಿಂಗಳು ಪರಿಶೀಲಿಸಬೇಕು. ಆ ದಿನ ಮನೆ ಗುಡಿಸಿ, ಕಷ್ಟವನ್ನೂ ಗುಡಿಸಿ ಮೂಲೆಗೆ ತಳ್ಳುವವರೇ ಹೆಚ್ಚು, ಮಗುವನ್ನು ವಾಪಸ್ ಕರೆದೊಯ್ದಾರೆಂಬ ಭಯದಿಂದ. ಕೊನೆಗೆ ತಡೆಯಲಾಗದ ಹೊತ್ತಿಗೆ ಬಾಯಿ ಬಿಡುತ್ತಾರೆ. ಆಗ ಉಳಿಯುವುದು ಮನೆ ಬದಲಾಯಿಸುವ ದಾರಿಯೊಂದೇ. ನಿದ್ದೆ, ಜಗಳ, ಶಾಲೆಯ ದೂರುಗಳನ್ನು ದಿನಕ್ಕೊಂದು ಸಾಲು ಬರೆದಿಟ್ಟು ಆ ಪುಸ್ತಕವನ್ನೇ ಮುಂದಿಡಿ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಕೇಳಿದರೆ ಸಿಗಬೇಕಾದದ್ದು ಹಣ ಮಾತ್ರವಲ್ಲ, ಆಪ್ತಸಮಾಲೋಚನೆಯೂ ಹೌದು.

ಕೂಗಾಡಿಬಿಟ್ಟರೆ ಅಂದೇ ರಾತ್ರಿ ಮಗುವಿನ ಪಕ್ಕ ಕೂತು ‘ನಾನು ಕೂಗಿದ್ದು ತಪ್ಪು, ನೀನು ಇಲ್ಲೇ ಇರ್ತೀಯ’ ಅನ್ನಿ. ‘ಹಾಸ್ಟೆಲಿಗೆ ಬಿಟ್ಟುಬರ್ತೀನಿ’ ಎಂಬ ಮಾತು ಮಾತ್ರ ತಮಾಷೆಗೂ ಬೇಡ. ಇಂಥ ಮಗುವಿಗೆ ಅದು ಹಿಂದೊಮ್ಮೆ ನಡೆದುಹೋದ ಸಂಗತಿ.

ನಿಮ್ಮ ಬಿಡುವನ್ನು ಮೊದಲೇ ಗೊತ್ತುಮಾಡಿ, ವಾರದಲ್ಲಿ ಎರಡು ದಿನ, ಎರಡೆರಡು ಗಂಟೆ. ಜಗಳವಾದಮೇಲೆ ಮಗುವನ್ನು ಅಕ್ಕನ ಮನೆಗೆ ಕಳಿಸಿದರೆ ‘ನನ್ನನ್ನು ಹೊರಗೆ ಹಾಕಿದರು’ ಅಂದುಕೊಳ್ಳುತ್ತದೆ. ಪ್ರತಿ ಮಂಗಳವಾರ ಅದೇ ಅಕ್ಕ ಮನೆಗೆ ಬಂದು ಕೂತರೆ ಅದು ಬರೀ ಮಂಗಳವಾರ. ಹೊರಡುವ ಮುಂಚೆ ಡಬ್ಬ ತುಂಬಿಸಿ, ಎಷ್ಟು ಗಂಟೆಗೆ ಬರುತ್ತೀರೆಂದು ಹೇಳಿ. ಆರು ಅಂದರೆ ಆರಕ್ಕೇ ಬಾಗಿಲಲ್ಲಿರಿ.