ಬ್ಯಾಂಕ್ ಆಫ್ ಬೆಂಗಾಲ್ ನೋಟಿಗೆ ಬಡ್ಡಿ ಬರುತ್ತದೆಯೇ?

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಬ್ಯಾಂಕ್ ಆಫ್ ಬೆಂಗಾಲ್‌ನ ನೋಟು ಸಿಕ್ಕಿದೆ. ಆ ಬ್ಯಾಂಕೇ ಈಗಿನ ಸ್ಟೇಟ್ ಬ್ಯಾಂಕ್, ಕೊಟ್ಟರೆ ಇಷ್ಟೂ ವರ್ಷದ ಬಡ್ಡಿ ಸೇರಿಸಿ ಕೊಡುತ್ತಾರೆ ಅನ್ನುತ್ತಾರೆ. ಹೌದೇ?

ಇಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಬುಡಸಮೇತ ಕಿತ್ತುಬಿಡೋಣ.

ವಂಶಾವಳಿ ಸರಿಯಾಗೇ ಇದೆ. 1806ರಲ್ಲಿ ಬ್ಯಾಂಕ್ ಆಫ್ ಕಲ್ಕತ್ತಾ, 1809ರಲ್ಲಿ ಬ್ಯಾಂಕ್ ಆಫ್ ಬೆಂಗಾಲ್. 1921ರಲ್ಲಿ ಬಾಂಬೆ, ಮದ್ರಾಸ್ ಬ್ಯಾಂಕುಗಳ ಜೊತೆ ಸೇರಿ ಇಂಪೀರಿಯಲ್ ಬ್ಯಾಂಕ್. 1955ರಲ್ಲಿ ಸ್ಟೇಟ್ ಬ್ಯಾಂಕ್. ತಪ್ಪಿರುವುದು ಬಡ್ಡಿಯ ಮಾತು.

ನೋಟು ಠೇವಣಿ ಅಲ್ಲ. ‘ಕೇಳಿದ ಕೂಡಲೇ ಕೊಡುತ್ತೇವೆ’ ಎಂಬ ವಾಗ್ದಾನ, ಅಷ್ಟೇ. ಇಂತಿಷ್ಟು ಕಾಲ ದುಡ್ಡು ನಿಮ್ಮಲ್ಲೇ ಇರಲಿ ಎಂದು ಒಪ್ಪಿದರೆ ಬಡ್ಡಿ. ನೋಟು ಹಿಡಿದವನು ಅವತ್ತೇ ಹೋಗಿ ಬೆಳ್ಳಿ ರೂಪಾಯಿ ಎಣಿಸಿಕೊಳ್ಳಬಹುದಿತ್ತು. ಸಾಸಿವೆ ಡಬ್ಬಿಯಲ್ಲಿ ಹತ್ತು ವರ್ಷ ಮರೆತಿಟ್ಟ ನೂರರ ನೋಟು ನೂರಿಪ್ಪತ್ತು ಆಗಿದ್ದನ್ನು ಯಾರಾದರೂ ಕಂಡಿದ್ದೀರಾ? ಲೆಕ್ಕವನ್ನೇ ನೋಡಿ. ಈ ಬ್ಯಾಂಕಿನ 1812ರ ಸೆಪ್ಟೆಂಬರ್ 3ರ ನೋಟೊಂದು ಉಳಿದಿದೆ. ಮುಖಬೆಲೆ 250 ಸಿಕ್ಕಾ ರೂಪಾಯಿ, ಅಂದರೆ ಆಗ ಬಂಗಾಳದಲ್ಲಿ ನಡೆಯುತ್ತಿದ್ದ ಬೆಳ್ಳಿ ರೂಪಾಯಿ. ಆಮೇಲೆ ಈಸ್ಟ್ ಇಂಡಿಯಾ ಕಂಪನಿ ತಂದ ‘ಕಂಪನಿ ರೂಪಾಯಿ’ಗೆ ಬದಲಿಸಿದರೆ, 15 ಸಿಕ್ಕಾಕ್ಕೆ 16 ಕಂಪನಿ ರೂಪಾಯಿಯಂತೆ 266 ರೂಪಾಯಿ 10 ಆಣೆ 8 ಪೈ. ಇನ್ನೂರು ವರ್ಷ ದಾಟಿದರೂ ಆ ಲೆಕ್ಕಕ್ಕೆ ಒಂದು ಪೈ ಕೂಡುವುದಿಲ್ಲ.

ಅದರ ನಿಜವಾದ ಬೆಲೆ ಇರುವುದು ಅಪರೂಪದಲ್ಲಿ. 1861ರ ಕಾಯಿದೆ ಈ ಬ್ಯಾಂಕುಗಳ ನೋಟು ಹೊರಡಿಸುವ ಹಕ್ಕನ್ನು ಕಿತ್ತುಕೊಂಡು ಸರ್ಕಾರಕ್ಕೆ ಕೊಟ್ಟಿತು. ಅಲ್ಲಿಂದಾಚೆ ಹೊಸದು ಬರಲಿಲ್ಲ, ಹಳೆಯದು ಕರಗುತ್ತಾ ಹೋಯಿತು. ಹಾಗಾಗಿ ಬೆಲೆ ಕಟ್ಟುವವರು ಸಂಗ್ರಾಹಕರು, ಬ್ಯಾಂಕಿನವರಲ್ಲ. ರಿಸರ್ವ್ ಬ್ಯಾಂಕ್ ಹೆಸರು ಹೇಳಿ ‘ಮೊದಲು ಕಮಿಷನ್ ಕಟ್ಟಿ, ಆಮೇಲೆ ಲಕ್ಷ’ ಎನ್ನುವವರಿಗೆ ಚಿಕ್ಕಾಸೂ ಕೊಡಬೇಡಿ. ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲವೆಂದು ಅದು 2021ರಲ್ಲೇ ಎಚ್ಚರಿಸಿದೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನೋಟಿನ ನಡುವೆ ನೇರ ಕತ್ತರಿಸಿದ ಗೆರೆಯಿದೆಯೇ ನೋಡಿ. ಆ ಕಾಲದಲ್ಲಿ ದೊಡ್ಡ ನೋಟನ್ನು ಎರಡು ಮಾಡಿ ಒಂದು ತುಂಡನ್ನು ಮೊದಲು ಟಪಾಲಿಗೆ ಹಾಕುತ್ತಿದ್ದರು. ತಲುಪಿತು ಎಂಬ ಕಾಗದ ಬಂದ ಮೇಲೆ ಇನ್ನೊಂದು ತುಂಡು. ದಾರಿಯಲ್ಲಿ ಕದ್ದವನಿಗೆ ಅರ್ಧ ನೋಟಿನಿಂದ ಏನೂ ಗಿಟ್ಟುತ್ತಿರಲಿಲ್ಲ. ಕೊನೆಗೆ ಎರಡನ್ನೂ ಅಂಟಿಸಿಕೊಂಡು ಬ್ಯಾಂಕಿಗೆ ಹೋಗುತ್ತಿದ್ದರು. ಆ ಅಂಟು ಈಗ ಬಿಟ್ಟುಕೊಂಡಿದ್ದರೆ ದಯವಿಟ್ಟು ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಎರಡೂ ತುಂಡನ್ನು ಒಂದೇ ಕವರಿನಲ್ಲಿ, ಮಡಿಸದೆ ಇಡಿ.