ಆ ಸೀನಿಗೆ ಎಷ್ಟು ಟಿಕೆಟ್?

ಗಾಂಧಿನಗರದಲ್ಲಿ ಸಿನಿಮಾ ಹಂಚಿಕೆ ನನ್ನ ಕಸುಬು. ಹೊಸ ನಿರ್ಮಾಪಕರು ಬಂದರೆ, ಕಾಫಿ ಲೋಟ ಕೆಳಗಿಡುವ ಮೊದಲೇ ಒಂದು ಮಾತು ಬರುತ್ತದೆ. ‘ಸಾರ್, ಒಂದೆರಡು ಹಾಟ್ ಸೀನ್ ಇದೆ. ಯೂತ್ಸ್ ಬಂದೇ ಬರ್ತಾರೆ.’ ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಅಷ್ಟು ಹೊತ್ತು ಗಟ್ಟಿಯಾಗಿ ಕಥೆ ಹೇಳಿದವರ ದನಿ ಇಲ್ಲಿ ಯಾಕೆ ತಗ್ಗಿತು ಅಂತ ಅವರೇ ಯೋಚಿಸಿದ್ದರೆ ನನ್ನ ಅರ್ಧ ಕೆಲಸ ಮುಗಿಯುತ್ತಿತ್ತು.

ನಾನು ಮಡಿವಂತ ಅಲ್ಲ. ತೆರೆಯ ಮೇಲೆ ಏನಿರಬೇಕು, ಏನಿರಬಾರದು ಅಂತ ಹೇಳೋಕೆ ನನಗೆ ಹಕ್ಕೂ ಇಲ್ಲ. ನನ್ನದು ಟಿಕೆಟ್ ಲೆಕ್ಕ. ಆ ಲೆಕ್ಕದಲ್ಲಿ ಎಲ್ಲರೂ ಎಡವೋದು ಒಂದೇ ಕಡೆ. ಸೀನ್ ಆಸೆಗೆ ಬರುವವರನ್ನು ಎಣಿಸುತ್ತಾರೆ, ಸೀನ್ ಇದೆ ಅಂತ ಬರದೇ ಉಳಿಯುವವರನ್ನು ಎಣಿಸುವುದಿಲ್ಲ. ಬಾರದವರ ಹೆಸರಿನಲ್ಲಿ ಕಲೆಕ್ಷನ್ ರಿಪೋರ್ಟಿನಲ್ಲಿ ಕಾಲಂ ಇಲ್ಲವಲ್ಲ!

ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಒಬ್ಬ ಹುಡುಗ ಬಂದರೆ ಒಂದು ಟಿಕೆಟ್. ಗೆಳೆಯನೂ ಬಂದರೆ ಎರಡು. ಮನೆಮಂದಿ ಹೊರಟರೆ ನಾಲ್ಕೋ ಐದೋ. ಮನೆಮಂದಿ ಹೊರಡೋದು ಹೇಗೆ? ಭಾನುವಾರ ತಿಂಡಿ ಹೊತ್ತಿಗೆ ಮಾತು ಏಳುತ್ತದೆ. ಅತ್ತೆ ಇದ್ದಾರೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ. ‘ಅದರಲ್ಲಿ ಏನೇನೋ ಇದೆಯಂತೆ’ ಅಂತ ಒಬ್ಬರು ಅಂದರೆ ಸಾಕು, ಅಲ್ಲಿಗೆ ಮುಗಿಯಿತು. ‘ಇರಲಿ ಬಿಡಿ, ಅದಕ್ಕೇ ಹೋಗೋಣ’ ಅನ್ನುವ ಧೈರ್ಯ ಯಾವ ಗಂಡಸಿಗಿದೆ? ಐದು ಟಿಕೆಟ್ ಹೋಯಿತು. ಇಲ್ಲೊಂದು ಗಮನಿಸಿ. ಆ ಐದು ಜನರಲ್ಲಿ ನಾಲ್ವರಿಗೆ ಸೀನ್ ಬಗ್ಗೆ ತಕರಾರೇ ಇಲ್ಲದಿರಬಹುದು. ಒಬ್ಬೊಬ್ಬರೇ ಆಗಿದ್ದರೆ ನೋಡಿಬಿಡುತ್ತಿದ್ದರು. ಅತ್ತೆ ಪಕ್ಕ ಕೂತು ನೋಡಲು ಆಗುವುದಿಲ್ಲ. ಮುಜುಗರ ಹುಟ್ಟೋದೇ ಪಕ್ಕದ ಸೀಟಿನಿಂದ.

ಇದನ್ನು ನನಗೆ ಕಲಿಸಿದವನು ಒಬ್ಬ ಗೇಟ್‌ಕೀಪರ್. 2001ರ ಮಾತು. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ ಟಾಕೀಸು ಲೀಸಿಗೆ ಹಿಡಿದಿದ್ದೆ. ಮಲಯಾಳದ ಶಕೀಲಾ ಚಿತ್ರಗಳ ಅಲೆ ಎದ್ದ ಕಾಲ ಅದು. ನಾನೂ ಆ ಥರದ್ದೊಂದು ಚಿತ್ರ ತಂದು ಹತ್ತೂವರೆಯ ಮಾರ್ನಿಂಗ್ ಶೋಗೆ ಹಾಕಿದೆ. ಎರಡು ವಾರ ದುಡ್ಡು ಬಂತು, ಸುಳ್ಳು ಹೇಳೋಲ್ಲ. ಬರುವವರ ರೀತಿಯೇ ಬೇರೆ. ತಲೆ ಮೇಲೆ ಟವೆಲ್ಲು, ಇಬ್ಬರ ನಡುವೆ ಎರಡು ಸೀಟು ಖಾಲಿ. ಲೈಟ್ ಹತ್ತುವ ಮೊದಲೇ ಅರ್ಧ ಟಾಕೀಸು ಬರಿದು. ಎದುರಿಗೆ ಸಿಕ್ಕರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಪಾಪ.

ಅದೇ ಟಾಕೀಸಿನಲ್ಲಿ ಮ್ಯಾಟಿನಿಗೆ ಸಂಸಾರದ ಸಿನಿಮಾ ನಡೆಯುತ್ತಿತ್ತು. ಸಂತೆ ದಿನ ಹಳ್ಳಿಯ ಹೆಣ್ಣುಮಕ್ಕಳು ಸಂತೆ ಮುಗಿಸಿ, ಚೀಲದ ಸಮೇತ ಬಂದು ಕೂರುತ್ತಿದ್ದರು. ಮೂರನೇ ವಾರ ಲೇಡೀಸ್ ಕ್ಯೂ ತೆಳುವಾಯಿತು. ಮುಂದಿನ ಸಂತೆಗೆ ಇನ್ನೂ ತೆಳು. ಸಿನಿಮಾದಲ್ಲೇ ದಮ್ ಇಲ್ಲ ಅಂದುಕೊಂಡೆ. ಗೇಟ್‌ಕೀಪರ್ ಬಂದು, ‘ಸಾರ್, ಆ ಮಾರ್ನಿಂಗ್ ಶೋ ಬೋರ್ಡ್ ಸೈಕಲ್ ಸ್ಟ್ಯಾಂಡ್ ಕಡೆ ಇಡೋಣ. ಹೆಣ್ಮಕ್ಳು ರಸ್ತೆ ಆಚೆಯಿಂದ್ಲೇ ನೋಡ್ಕೊಂಡು ಹೋಗ್ತಾವ್ರೆ’ ಅಂದ. ಬೋರ್ಡ್ ಸರಿಸಿದೆ. ತಿಂಗಳಾದ ಮೇಲೆ ಆ ಶೋವನ್ನೇ ನಿಲ್ಲಿಸಿದೆ. ಆದರೂ ‘ಆ ಟಾಕೀಸಾ?’ ಅನ್ನೋ ಮಾತು ದಸರಾವರೆಗೂ ಹೋಗಲಿಲ್ಲ. ಮಾರ್ನಿಂಗ್ ಶೋ ದುಡ್ಡಲ್ಲಿ ಕರೆಂಟ್ ಬಿಲ್ ಕಟ್ಟಿದ್ದೆ. ಲೀಸಿನ ದುಡ್ಡು ಬರುತ್ತಿದ್ದದ್ದು ಮ್ಯಾಟಿನಿಯಿಂದ.

ಆ ಟವೆಲ್ಲಿನ ಪ್ರೇಕ್ಷಕ ಇವತ್ತು ಟಾಕೀಸಿಗೆ ಬರುವುದೇ ಇಲ್ಲ. 2016ರಲ್ಲಿ ಜಿಯೋ ಬಂದ ಮೇಲಂತೂ ಅವನಿಗೆ ಬೇಕಾದ್ದೆಲ್ಲ ಜೇಬಿನಲ್ಲೇ ಇದೆ. ‘ಟ್ರೇಲರ್‌ಗೆ ಎಷ್ಟು ವ್ಯೂಸ್ ನೋಡಿ ಸಾರ್’ ಅಂತ ನಿರ್ಮಾಪಕರು ಫೋನ್ ಮುಂದೆ ಹಿಡಿಯುತ್ತಾರೆ. ನೋಡಿದೆ. ಟ್ರೇಲರ್ ನೋಡಿದವರಿಗೆ ಬೇಕಾದ ಎಂಟು ಸೆಕೆಂಡ್ ಅದರಲ್ಲೇ ಸಿಕ್ಕಿತಲ್ಲ, ಇನ್ನು ಟಿಕೆಟ್ ಯಾಕೆ ತಗೋತಾರೆ?

ನನ್ನ ಟಾಕೀಸಿನ ಕಥೆಯೊಂದನ್ನೇ ನಂಬಿ ಅಂತ ಹೇಳುತ್ತಿಲ್ಲ. ಅಮೆರಿಕದಲ್ಲಿ ಇಬ್ಬರು ಸಂಶೋಧಕರು 2001ರಿಂದ 2005ರವರೆಗಿನ 914 ಚಿತ್ರಗಳನ್ನು ಹಿಡಿದು ಲೆಕ್ಕ ಹಾಕಿದರು. 2009ರಲ್ಲಿ ಅದು ಪ್ರಕಟವಾಯಿತು. ಲೈಂಗಿಕ ದೃಶ್ಯ, ನಗ್ನತೆ ಇದ್ದ ಮಾತ್ರಕ್ಕೆ ಗಳಿಕೆಯೂ ಏರಲಿಲ್ಲ, ಪ್ರಶಸ್ತಿಯೂ ಬರಲಿಲ್ಲ ಅಂತ ಅವರಿಗೆ ಕಂಡಿತು. ಅದು ಅಲ್ಲಿಯ ಲೆಕ್ಕ, ಹಾಗೇ ತಂದು ಇಲ್ಲಿಗೆ ಅಂಟಿಸಬೇಡಿ. ಸೀನ್ ಕಿತ್ತುಹಾಕಿದರೆ ಸಿನಿಮಾ ಗೆಲ್ಲುತ್ತದೆ ಅಂತಲೂ ಅದರ ಅರ್ಥ ಅಲ್ಲ. ಯಾವ ಸೀನೂ ಇಲ್ಲದೆ ಮಕಾಡೆ ಮಲಗಿದ ಚಿತ್ರಗಳ ಪಟ್ಟಿ ನನ್ನ ಹತ್ತಿರವೇ ಉದ್ದಕ್ಕಿದೆ.

ಇಂಥ ಸೀನಿನಿಂದ ಸೆನ್ಸಾರ್‌ನವರ ಎ ಸರ್ಟಿಫಿಕೇಟ್ ಬಂತೋ, ಹದಿನೆಂಟರ ಒಳಗಿನವರು ಹೋದರು. ಟಿವಿಗೆ ಮಾರಲು ಬೇರೆ ಸರ್ಟಿಫಿಕೇಟ್ ಮಾಡಿಸಬೇಕು. ಕತ್ತರಿ ಹಾಕಿ ಕಳಿಸಿದರೆ ನೀವು ನೆಚ್ಚಿಕೊಂಡಿದ್ದ ಸೀನೇ ಇರುವುದಿಲ್ಲ.

‘ಅನಿಮಲ್ ಎ ಅಲ್ವಾ ಸಾರ್? ಎಷ್ಟು ಕೋಟಿ ಮಾಡ್ತು!’ 2023ರಿಂದ ಈಚೆಗೆ ಈ ಪ್ರಶ್ನೆ ತಪ್ಪಿದ್ದಿಲ್ಲ. ಹೌದು ಸ್ವಾಮಿ. ಆ ಹಿಂದಿ ಚಿತ್ರದಲ್ಲಿ ರಣಬೀರ್ ಕಪೂರ್ ಇದ್ದ, ಹೊಡೆದಾಟ ಇತ್ತು, ಹಾಡಿತ್ತು, ಅಪ್ಪ ಮಗನ ಕಥೆ ಇತ್ತು. ಅದರಲ್ಲಿ ಹಾಸಿಗೆಯ ಪಾಲು ಎಷ್ಟು ಅಂತ ಯಾವ ಹಂಚಿಕೆದಾರನೂ ಪ್ರಮಾಣ ಮಾಡಿ ಹೇಳಲಾರ.

ಅದಕ್ಕಿಂತ ನಮ್ಮದೇ ಪುಟ್ಟಣ್ಣ ಕಣಗಾಲರನ್ನು ನೋಡಿ. 1973ರ ‘ಎಡಕಲ್ಲು ಗುಡ್ಡದ ಮೇಲೆ’ ನಿಂತಿರುವುದೇ ಗಂಡನಿಂದ ದೇಹಸುಖ ಸಿಗದ ಹೆಣ್ಣಿನ ಆಸೆಯ ಮೇಲೆ. ನಮ್ಮಮ್ಮ ಅದನ್ನು ಪಕ್ಕದ ಮನೆಯವರ ಜೊತೆ ಎರಡು ಸಲ ನೋಡಿ ಬಂದಿದ್ದಳು. ಮನೆಗೆ ಬಂದು ಅತ್ತಳಂತೆ. ಆ ಕಥೆಯಿಂದ ಆಸೆಯನ್ನು ತೆಗೆದರೆ ಕಥೆಯೇ ಇಲ್ಲ. ನಿಮ್ಮ ಸೀನ್ ತೆಗೆದರೆ ಕಥೆಗೆ ಏನಾಗುತ್ತದೆ ಅಂತ ಕೇಳಿದರೆ, ‘ಏನೂ ಆಗಲ್ಲ ಸಾರ್, ಸುಮ್ನೆ ಒಂದು ಗ್ಲಾಮರ್‌ಗೆ’ ಅನ್ನುತ್ತಾರೆ.

ಹೋದ ತಿಂಗಳು ಒಬ್ಬ ಹುಡುಗ ಬಂದಿದ್ದ. ನಿರ್ದೇಶಕನೂ ಅವನೇ, ದುಡ್ಡು ಅವನ ಮಾವನದು. ಒಳ್ಳೆಯ ಹುಡುಗ, ಎಲ್ಲ ಕೇಳಿಸಿಕೊಂಡ. ‘ಹಾಗಾದ್ರೆ ಸೀನ್ ಇರ್ಲಿ ಸಾರ್, ಪೋಸ್ಟರಲ್ಲಿ ಹಾಕಲ್ಲ’ ಅಂದ. ಅದು ಇನ್ನೂ ಕೆಟ್ಟದ್ದು ಮಾರಾಯ ಅಂದೆ. ಸಂಸಾರದ ಚಿತ್ರ ಅಂತ ನಂಬಿ ಬಂದವರು ಇಂಟರ್‌ವಲ್‌ನಲ್ಲೇ ಎದ್ದು, ಪಾರ್ಕಿಂಗ್‌ನಿಂದಲೇ ತಂಗಿಗೆ ಫೋನ್ ಮಾಡುತ್ತಾರೆ. ಸಂಜೆ ಶೋ ಅಲ್ಲಿಗೆ ಸತ್ತಿತು. ನಿಮ್ಮ ಮಾವ, ಅತ್ತೆ, ನೀನು ಮೂವರೂ ಸಾಲಾಗಿ ಕೂತು ನೋಡ್ತೀರಾ ಅಂತ ಕೇಳಿದೆ. ನಕ್ಕು ತಲೆ ತಗ್ಗಿಸಿದ. ಯೋಚನೆ ಮಾಡ್ತೀನಿ ಸಾರ್ ಅಂತ ಹೋದ.

ಎರಡು ದಿನಕ್ಕೆ ವಾಟ್ಸಾಪ್‌ನಲ್ಲಿ ಹೊಸ ಪೋಸ್ಟರ್ ಬಂತು. ಜಲಪಾತ, ಅದರ ಕೆಳಗೆ ಬಿಳಿ ಸೀರೆಯಲ್ಲಿ ನಾಯಕಿ. ‘ಇದು ಫ್ಯಾಮಿಲಿಗೆ ಓಕೆನಾ ಸಾರ್?’ ಎರಡು ನೀಲಿ ಟಿಕ್ ಬಿದ್ದು ವಾರವಾಯಿತು. ಉತ್ತರ ಇನ್ನೂ ಬರೆದಿಲ್ಲ.