ಇಡೀ ಮೈ ಸ್ಕ್ಯಾನ್ ಮಾಡಿಸಿಬಿಡೋಣವೇ?

ಬೆಳಗಾವಿಯ ಕ್ಯಾನ್ಸರ್ ವೈದ್ಯರಿಗೆ ಈ ಪ್ರಶ್ನೆ ಹೊಸದಲ್ಲ: ‘ಸರ್, ನಮ್ಮವ್ವನಿಗೆ ಒಮ್ಮೆ ಇಡೀ ಮೈ ಸ್ಕ್ಯಾನ್ ಮಾಡಿಸಿಬಿಡೋಣವೇ?’ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕಿಮೊ, ರೇಡಿಯೇಷನ್ ಎಲ್ಲ ಮುಗಿದು ಅವ್ವ ಆರಾಮಾಗಿದ್ದಾರೆ. ಕಾಯಿಲೆ ಮರುಕಳಿಸೀತೆಂಬ ಅಂಜಿಕೆ ಮಾತ್ರ ಮನೆಯವರನ್ನು ಬಿಟ್ಟಿಲ್ಲ. ವೈದ್ಯರು ಬೇಡವೆಂದರೆ, ಕೈಯಲ್ಲಿ ದುಡ್ಡಿಲ್ಲದವರೆಂದು ಹೀಗೆನ್ನುತ್ತಾರೋ ಏನೋ ಎಂಬ ಅನುಮಾನ ಬೇರೆ.

ಇದಕ್ಕೆ ಉತ್ತರ 1994ರಲ್ಲೇ ಸಿಕ್ಕಿದೆ. ಇಟಲಿಯ ಎರಡು ಅಧ್ಯಯನಗಳಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಒಟ್ಟು ಎರಡೂವರೆ ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದರು. ಒಂದು ಗುಂಪಿಗೆ ಮೂಳೆ ಸ್ಕ್ಯಾನ್, ಎದೆಯ ಎಕ್ಸ್-ರೇ ತಪ್ಪದೆ ಮಾಡಿದರು. ಇನ್ನೊಂದಕ್ಕೆ ವೈದ್ಯರ ತಪಾಸಣೆ ಮತ್ತು ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಅಷ್ಟೆ. ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಂದಿನ ಯಂತ್ರಗಳು ಹಳೆಯವು ಎಂಬ ತಕರಾರು ನ್ಯಾಯವೇ. ಆದರೆ ಲಕ್ಷಣವೇ ಇಲ್ಲದವರಿಗೆ ಇಡೀ ಮೈ ನೋಡುವ ಇಂದಿನ ಪೆಟ್ ಸ್ಕ್ಯಾನ್ ಮಾಡಿಸಿದರೆ ಆಯುಸ್ಸು ಹೆಚ್ಚುತ್ತದೆ ಎಂಬುದೂ ರುಜುವಾತಾಗಿಲ್ಲ.

ಪೆಟ್ ಯಂತ್ರ ಹುಡುಕುವುದು ಗಂಟನ್ನಲ್ಲ, ಸಕ್ಕರೆಯ ಹಸಿವನ್ನು. ಕ್ಯಾನ್ಸರ್ ಕೋಶ ಸಕ್ಕರೆಯನ್ನು ಹೆಚ್ಚು ಹೀರುತ್ತದೆ, ಹೀರಿದ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಅದಕ್ಕೇ ಉಪವಾಸವಿದ್ದು ಬರಲು ಹೇಳುತ್ತಾರೆ, ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ. ಆಮೇಲೆ ವಿಕಿರಣಶೀಲ ಫ್ಲೋರಿನ್-18 ಬೆಸೆದ ಗ್ಲೂಕೋಸ್ ಚುಚ್ಚಿ ಸುಮಾರು ಒಂದು ಗಂಟೆ ಸುಮ್ಮನೆ ಮಲಗಿಸುತ್ತಾರೆ. ಈ ಫ್ಲೋರಿನ್ ಸುಮಾರು 110 ನಿಮಿಷಕ್ಕೆ ಅರ್ಧ ಕರಗುತ್ತದೆ. ಬೆಂಗಳೂರಿನಲ್ಲಿ ತುಂಬಿಸಿ ರಸ್ತೆಯ ಮೇಲೆ ಬೆಳಗಾವಿಗೆ ಒಂಬತ್ತು ಗಂಟೆಯಲ್ಲಿ ತಂದರೆ ಹೆಚ್ಚುಕಡಿಮೆ ಮೂವತ್ತರಲ್ಲಿ ಒಂದು ಪಾಲು ಉಳಿದೀತು. ಈ ಸ್ಕ್ಯಾನ್ ದುಬಾರಿಯಾಗಲು ಈ ಅವಸರವೂ ಒಂದು ಕಾರಣ.

ಸಕ್ಕರೆ ಹೀರುವುದು ಕ್ಯಾನ್ಸರ್ ಕೋಶ ಒಂದೇ ಅಲ್ಲ. ಕ್ಷಯ ತಗುಲಿದ ಗ್ರಂಥಿಯೂ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಮಿದುಳು ಆರೋಗ್ಯವಾಗಿದ್ದಾಗಲೂ ಹೊಳೆಯುತ್ತಲೇ ಇರುವುದರಿಂದ ಅಲ್ಲಿನ ಚಿಕ್ಕ ಗಂಟು ಅಡಗಿಬಿಡಬಹುದು. ಲೋಬ್ಯುಲರ್ ಎಂಬ ಬಗೆಯ ಸ್ತನ ಕ್ಯಾನ್ಸರ್ ಕೆಲವೊಮ್ಮೆ ಅಷ್ಟಾಗಿ ಸಕ್ಕರೆ ಹೀರುವುದೇ ಇಲ್ಲ. ಮೂಳೆ ಸ್ಕ್ಯಾನಿನ ಪಾಡೂ ಇಷ್ಟೇ: ದಶಕಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆದ ವಿಜಯಪುರದ ಅಜ್ಜಿಯ ಸವೆದ ಮೊಣಕಾಲೂ ಅದರಲ್ಲಿ ಕಪ್ಪಗೆ ಮೂಡುತ್ತದೆ. ವರದಿಯಲ್ಲಿ ಒಂದು ಸಾಲು ಬಂದರೆ ಸಾಕು, ಮತ್ತೊಂದು ಸ್ಕ್ಯಾನ್, ಮತ್ತೊಂದು ಸೂಜಿ, ನಿದ್ದೆಯಿಲ್ಲದ ರಾತ್ರಿಗಳು.

ವರ್ಷಕ್ಕೊಮ್ಮೆಯ ಮ್ಯಾಮೊಗ್ರಾಮ್ ಮಾತ್ರ ತಪ್ಪಿಸಬಾರದು. ಉಳಿಸಿಕೊಂಡ ಸ್ತನದಲ್ಲಿ ಅಥವಾ ಇನ್ನೊಂದರಲ್ಲಿ ಕಾಯಿಲೆ ಬೇಗ ಕಂಡರೆ ಗುಣವಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಹಳೆಯ ಫಿಲ್ಮುಗಳನ್ನು ಜೊತೆಗೆ ಒಯ್ಯಿರಿ, ಹೋಲಿಸಿ ನೋಡಲು ಬೇಕು.

ಉಳಿದ ಸ್ಕ್ಯಾನುಗಳನ್ನು ಲಕ್ಷಣವೇ ಆರಿಸಲಿ. ರಾತ್ರಿಯೂ ಬಿಡದ ಬೆನ್ನುನೋವಿಗೆ ಮೂಳೆ ಸ್ಕ್ಯಾನ್ ಅಥವಾ ಎಂಆರ್‌ಐ, ಹೊಸದಾಗಿ ಬಂದ ತಲೆನೋವು, ವಾಂತಿಗೆ ಮಿದುಳಿನ ಎಂಆರ್‌ಐ, ನಿಲ್ಲದ ಕೆಮ್ಮು, ಏದುಸಿರಿಗೆ ಎದೆಯ ಸಿಟಿ. ಕಾಲು ಸೋತಂತಾದರೆ, ಮೂತ್ರದ ಹಿಡಿತ ತಪ್ಪಿದರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಹೊರಡಬೇಕು. ಸ್ಕ್ಯಾನಿನಲ್ಲಿ ಏನಾದರೂ ಕಂಡರೂ ಸಾಧ್ಯವಿದ್ದಲ್ಲಿ ಸೂಜಿಯಿಂದ ಚೂರು ತೆಗೆದು ನೋಡಿಯೇ ತೀರ್ಮಾನಿಸುತ್ತಾರೆ. ಮೊದಲ ಗಂಟಿಗಿದ್ದ, ಹಾರ್ಮೋನಿಗೆ ಸ್ಪಂದಿಸುವ ಗುಣ ಮರಳಿ ಬಂದ ಗಂಟಿಗೂ ಇರಲೇಬೇಕೆಂದಿಲ್ಲ, ಔಷಧಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.